ತಲೆ ಯಾವ ಕಡೆ

ಪೊನಿರಾ ತನ್ನ ಚಾಪೆಯನ್ನು ದಿನಕ್ಕೆ ಮೂರು ಸಲವಾದರೂ ಎತ್ತಿ ತಿರುಗಿಸಿ ಹಾಸುತ್ತಾಳೆ. ಬಾಗಿಲಲ್ಲಿ ಬಿಟ್ಟ ಚಪ್ಪಲಿಯ ತುದಿ ಯಾವ ಕಡೆಗಿದೆ ಎಂದು ಅರ್ಧ ದಾರಿಯಿಂದ ವಾಪಸು ಬಂದು ನೋಡುತ್ತಾಳೆ. ಹೋದ ವರ್ಷ ಪಕ್ಕದ ಮನೆಯ ಬಾಣಂತಿ ಕೂಸನ್ನು ಮಲಗಿಸಿ ಬಟ್ಟೆ ಒಣಹಾಕಲು ಹೋಗಿದ್ದಾಗ, ಇವಳು ಒಳಗೆ ಹೋಗಿ ನಿದ್ದೆಯಲ್ಲಿದ್ದ ಕೂಸನ್ನು ತಲೆ ಉತ್ತರಕ್ಕೆ ಬರುವಂತೆ ಬಲ ಮಗ್ಗುಲಿಗೆ ತಿರುಗಿಸಿ, ಬೆನ್ನಿಗೆ ಬಟ್ಟೆಯ ಸುರುಳಿ ಒತ್ತುಕೊಟ್ಟು ಬಂದುಬಿಟ್ಟಳು. "ನನ್ನ ಮಗೂನ ಹೆಣ ಮಲಗಿಸೋ ಹಾಗೆ ಮಲಗಿಸಿದ್ದಾಳೆ!" ಎಂದು ಬಾಣಂತಿ ಇಡೀ ಬೀದಿ ಕೇಳುವಂತೆ ಕೂಗಿಕೊಂಡಳು. ಅಂದಿನಿಂದ ಆ ಮನೆಯ ಬಾಗಿಲು ಇವಳಿಗೆ ಮುಚ್ಚಿತು.

"ಕೊರೊನಾದಲ್ಲಿ ಅಷ್ಟೊಂದು ಹೆಣ ತೊಳೆದಳಲ್ಲ, ಪಾಪ, ತಲೆ ಸ್ವಲ್ಪ ಹೀಗೆ" ಎಂದು ಊರಿನ ಹೆಂಗಸರು ಬೆರಳು ತಿರುಗಿಸಿ ತೋರಿಸುತ್ತಾರೆ. ಊರಿನ ಬಾಯಿಗೆ ಬೀಗ ಹಾಕುವವರು ಯಾರು? ಆದರೆ ಊರು ಹೇಳಿದ್ದು ಸುಳ್ಳು. ಹೆಣ ಕಂಡು ಹೆದರುವ ಜಾತಿಯವಳಲ್ಲ ಪೊನಿರಾ. ಅತ್ತೆಯಿಂದ ಕಲಿತು ಮೂವತ್ತು ವರ್ಷ ಊರಿನ ಸತ್ತ ಹೆಂಗಸರನ್ನೆಲ್ಲ ತೊಳೆದು, ಬಿಳಿ ಬಟ್ಟೆ ಸುತ್ತಿ ಕಳಿಸಿಕೊಟ್ಟವಳು. ಅವಳನ್ನು ಕಾಡುತ್ತಿದ್ದುದು ಅಷ್ಟೊಂದು ಹೆಣಗಳಲ್ಲ. ಒಂದೇ ಒಂದು.

ಒಮ್ಮೆ ಆರೋಗ್ಯ ಕೇಂದ್ರದಿಂದ ಎಳೆಯ ವಯಸ್ಸಿನ ಡಾಕ್ಟರಮ್ಮ ಕಾಗದ ಹಿಡಿದು ಬಂದಿದ್ದಳು. ಪಿಡುಗಿನ ಕಾಲದಲ್ಲಿ ಶವದ ಕೆಲಸ ಮಾಡಿದವರ ಮನಸ್ಸು ಹೇಗಿದೆ ಎಂದು ಸರ್ಕಾರಕ್ಕೆ ಆಗ ನೆನಪಾಗಿತ್ತು.

"ಕಳೆದ ಎರಡು ವಾರದಲ್ಲಿ ನಿಮ್ಮ ಮೇಲೆ ನಿಮಗೇ ಬೇಜಾರು ಅನ್ಸಿದ್ದುಂಟಾ, ಅಮ್ಮಾ? ಇಲ್ಲವೇ ಇಲ್ಲ, ಕೆಲವು ದಿನ, ದಿನಾಲೂ. ಮೂರರಲ್ಲಿ ಒಂದು ಹೇಳಿ."

"ಎರಡು ವಾರದ್ದು ಮಾತ್ರನಾ? ಅದಕ್ಕೂ ಹಿಂದಿಂದು ಬರ್ಕೊಳ್ಳೋಕೆ ಜಾಗ ಇಲ್ವಾ ಅದ್ರಲ್ಲಿ?"

ಡಾಕ್ಟರಮ್ಮ ನಕ್ಕು ನಿದ್ದೆಯ ಮಾತ್ರೆ ಕೊಟ್ಟಳು. ನಿದ್ದೆಯೇನೋ ಬಂತು. ಎದ್ದಾಗ ಎಲ್ಲ ಇದ್ದಲ್ಲೇ ಇತ್ತು.

ಎರಡು ಸಾವಿರದ ಇಪ್ಪತ್ತೊಂದರ ಜುಲೈ ತಿಂಗಳ ಕೊನೆ. ಮೆರಾಪಿ ಜ್ವಾಲಾಮುಖಿಯ ತಪ್ಪಲಿನ ಊರೂರಲ್ಲೂ ಮಸೀದಿಯ ಮೈಕು ದಿನಕ್ಕೆ ನಾಲ್ಕೈದು ಸಾವು ಸಾರುತ್ತಿತ್ತು. ಹೆಂಗಸರ ಹೆಣ ಮುಟ್ಟಲು ಹೆಂಗಸರೇ ಬೇಕೆಂದು ಪಟ್ಟಣದ ಆಸ್ಪತ್ರೆಯೊಂದು ಪೊನಿರಾಳನ್ನು ಕರೆಸಿಕೊಂಡಿತ್ತು. ಅಲ್ಲಿ ನೀರಿಲ್ಲ, ಸೀಗೆಯಿಲ್ಲ, ಹೂವಿಲ್ಲ. ಪ್ಲಾಸ್ಟಿಕ್ಕಿನ ಮೇಲೆಯೇ ನೀರಿನ ಬದಲು ಧರ್ಮ ಒಪ್ಪುವ ಧೂಳು ಸವರಿ ಶುದ್ಧಿ, ಅದರ ಮೇಲೆ ಕಫನಿನ ಬಿಳಿ ಬಟ್ಟೆ, ಮತ್ತೆ ಪ್ಲಾಸ್ಟಿಕ್, ಆಮೇಲೆ ಪೆಟ್ಟಿಗೆ.

ಸತ್ತವರನ್ನು ಬಲ ಮಗ್ಗುಲಿಗೆ ಮಲಗಿಸಬೇಕು. ತಲೆ ಉತ್ತರಕ್ಕಿಟ್ಟರೆ ಮುಖ ತಾನಾಗಿ ಪಡುವಣಕ್ಕೆ, ಅಂದರೆ ನಮಾಜಿನ ದಿಕ್ಕಾದ ಕಿಬ್ಲಾಗೆ ಬರುತ್ತದೆ. ಮೈ ಹಿಂದಕ್ಕೆ ವಾಲದಂತೆ ಬೆನ್ನಿಗೆ ಮಣ್ಣಿನ ಉಂಡೆಗಳ ಒತ್ತು. ಹಳೆಯ ಕಾಲದಲ್ಲಿ ಇದನ್ನೆಲ್ಲ ಮಗನೋ ಅಳಿಯನೋ ಗುಂಡಿಗಿಳಿದು ಕಣ್ಣಾರೆ ಕಂಡು ಮಾಡುತ್ತಿದ್ದ. ಈಗ ಪೆಟ್ಟಿಗೆಯನ್ನು ಆಸ್ಪತ್ರೆಯಲ್ಲೇ ಮೊಳೆ ಹೊಡೆದು ಮುಚ್ಚುತ್ತಿದ್ದರು, ತೆರೆಯುವಂತಿಲ್ಲ. ಬಡಗಿಗಳು ಹಗಲಿರುಳು ಬಡಿದು ಕಳಿಸುತ್ತಿದ್ದ ಪೆಟ್ಟಿಗೆಗಳ ಎರಡೂ ತುದಿ ಒಂದೇ ಥರ. ಹಾಗಾಗಿ ಪೊನಿರಾ ಮುಚ್ಚಳದ ಮೇಲೆ ತಲೆಯ ತುದಿಗೆ ಒಂದು ಗೇಣು ಕೆಂಪು ಟೇಪು ಅಂಟಿಸುತ್ತಿದ್ದಳು. ಗುಂಡಿಯ ಬಳಿ ನಿಂತವರು ಕೇಳುತ್ತಿದ್ದುದು ಒಂದೇ ಮಾತು, ತಲೆ ಯಾವ ಕಡೆ. ಅದಕ್ಕೆ ಉತ್ತರ ಆ ಟೇಪು ಮಾತ್ರ.

ಆ ದಿನ ಮಧ್ಯಾಹ್ನದೊಳಗೆ ಐದು ಹೆಂಗಸರಾಗಿದ್ದರು. ಆರನೆಯವಳು ಕಸಿಯಾತಿ, ಮೂರು ಮನೆಯಾಚೆಯವಳು. ಸೋಯಾ ಕಾಳಿನ ತೆಂಪೆ ಮಾಡಿ ಬಾಳೆಲೆಯಲ್ಲಿ ಕಟ್ಟಿ ಮಾರುತ್ತಿದ್ದವಳು. ಪೊನಿರಾಳ ಗಂಡ ಸತ್ತಾಗ ನಲವತ್ತು ದಿನ ಊಟ ಕಳಿಸಿದ್ದವಳು. ಪೊನಿರಾಳಿಗೆ ಅಳು ಬಂತು. ಮುಖಗವಸಿನೊಳಗೆ ಅತ್ತರೆ ಒರೆಸಿಕೊಳ್ಳುವುದು ಹೇಗೆ? ಕನ್ನಡಕ ಮಬ್ಬಾಯಿತು. ಆದರೂ ಬೇರೆಯವರಿಗೆ ಎರಡು ಒತ್ತು ಕೊಟ್ಟರೆ ಇವಳಿಗೆ ನಾಲ್ಕು ಕೊಟ್ಟಳು. ಕೆನ್ನೆಯ ಕೆಳಗೆ ಬಟ್ಟೆ ಮಡಿಸಿಟ್ಟಳು. ಆ ದಿನ ಯಾರನ್ನೂ ಅಷ್ಟು ಚೆನ್ನಾಗಿ ಮಲಗಿಸಿರಲಿಲ್ಲ.

ಮುಚ್ಚಳ ಬಿತ್ತು. ಕೈ ಅಭ್ಯಾಸದಂತೆ ಗೋಡೆಯ ಕಡೆಯ ತುದಿಗೆ ಟೇಪು ಅಂಟಿಸಿತು. ದಿನಾ ತಲೆ ಇರುತ್ತಿದ್ದುದು ಗೋಡೆಯ ಕಡೆಗೇ. ಆ ಹೊತ್ತಿಗೆ ಮಾತ್ರ ಮುಂಬಾಗಿಲಲ್ಲಿ ಆಮ್ಲಜನಕದ ಸಿಲಿಂಡರು ಪೇರಿಸಿದ್ದರಿಂದ ಕಸಿಯಾತಿಯನ್ನು ಹಿಂಬಾಗಿಲಿಂದ ತಳ್ಳಿಕೊಂಡು ಬಂದಿದ್ದರು, ಕಾಲು ಗೋಡೆಗೆ, ತಲೆ ಬಾಗಿಲಿಗೆ.

ಏಳನೆಯವಳೂ ಹಿಂಬಾಗಿಲಿಂದಲೇ ಬಂದಳು. ಅವಳ ಪೆಟ್ಟಿಗೆಗೆ ಟೇಪು ಹಚ್ಚಲು ಕೈ ಚಾಚಿದಾಗ ಪೊನಿರಾ ಟೇಪು ಹಿಂದಕ್ಕೆಳೆದುಕೊಂಡಳು. ಕೈ ಕೆಳಗಿದ್ದುದು ಪಾದ. ಕಸಿಯಾತಿಯ ವ್ಯಾನು ಹೊರಟು ಹತ್ತು ನಿಮಿಷವಾಗಿತ್ತು.

ಆ ಹತ್ತು ನಿಮಿಷದ ಬಗ್ಗೆ ಅವಳು ತನಗೆ ತಾನೇ ಎಷ್ಟೋ ಸಮಾಧಾನ ಹೇಳಿಕೊಂಡಿದ್ದಾಳೆ. ರೋಗ ತಡೆಯುವ ಉಡುಪು ದಿನಕ್ಕೆ ಒಂದೇ ಇತ್ತು. ಕಳಚಿದರೆ ಮತ್ತೆ ಸಿಗುತ್ತಿರಲಿಲ್ಲ, ಸಾಲಿನಲ್ಲಿ ಇನ್ನೂ ನಾಲ್ವರಿದ್ದರು. ಫೋನು ಹೊರಗಿನ ಬೀರುವಿನಲ್ಲಿತ್ತು. ಎಲ್ಲ ನಿಜ. ಆದರೆ ಗಾಜಿನ ಕಿಟಕಿಯಾಚೆ ಗುಮಾಸ್ತ ಕೂತಿದ್ದ, ಅವನ ಮುಂದೆ ಫೋನಿತ್ತು, ಕಿಟಕಿ ತಟ್ಟಿದ್ದರೆ ಸಾಕಿತ್ತು. ಇದೂ ನಿಜ. ಅವಳು ತಟ್ಟಲಿಲ್ಲ. ತಟ್ಟಿದರೆ ಬೆಳಗಿನ ಐದು ಪೆಟ್ಟಿಗೆಯನ್ನೂ ಅನುಮಾನಿಸುತ್ತಾರೆ, ಮೂವತ್ತು ವರ್ಷದ ಹೆಸರು ಒಂದು ಗೇಣು ಟೇಪಿಗೆ ಹೋಗುತ್ತದೆ ಎನಿಸಿತು. ಬೇರೇನೂ ಅಲ್ಲ, ಮಾನದ ಭಯ.

ಕಸಿಯಾತಿ ಹೀಗೆ ತಲೆ ದಕ್ಷಿಣಕ್ಕಾಗಿ, ಮುಖ ಮೂಡಣಕ್ಕಾಗಿ, ಕಿಬ್ಲಾಗೆ ಬೆನ್ನು ಹಾಕಿ ಮಣ್ಣಾದಳು.

ಮರುದಿನ ಬೆಳಿಗ್ಗೆ ಕಸಿಯಾತಿಯ ಮಗಳು ಇಸ್ವಾಂತಿ ಫೋನು ಮಾಡಿದಳು. ಅವಳಿಗೂ ರೋಗ ತಗಲಿ ಕೋಣೆಯೊಳಗೆ ಒಂಟಿಯಾಗಿದ್ದಳು, ತಾಯಿಯ ಮಣ್ಣಿಗೂ ಹೋಗಿರಲಿಲ್ಲ. ಪೊನಿರಾಳನ್ನು ಚಿಕ್ಕಂದಿನಿಂದ ಚಿಕ್ಕಮ್ಮನ ಸಲುಗೆಯಲ್ಲಿ ಬುಲಿಕ್ ಎಂದೇ ಕರೆಯುತ್ತಿದ್ದವಳು.

"ಬುಲಿಕ್, ಫ್ಯಾಕ್ಟರಿಯಿಂದ ರೋಗ ತಂದು ಅಮ್ಮಂಗೆ ಅಂಟಿಸಿದ್ದು ನಾನು. ನಾನು ಬದುಕ್ಕೊಂಡೆ. ಅಮ್ಮನ್ನ ನೀವೇ ಮಲಗಿಸಿದ್ರಂತೆ ಹೌದಾ? ಸರಿಯಾಗಿ ಮಲಗಿಸಿದ್ರಾ? ಅದೊಂದು ಹೇಳ್ಬಿಡಿ ನಂಗೆ."

"ಹೂಂ ಕಣಮ್ಮ. ಪಡುವಣಕ್ಕೇ ಮುಖ ಮಾಡಿ ಮಲಗಿಸ್ದೆ."

ಆಚೆ ಕಡೆ ಇಸ್ವಾಂತಿ ಗಟ್ಟಿಯಾಗಿ ಅತ್ತಳು. "ಇನ್ನು ನಂಗೆ ನಿದ್ದೆ ಬರುತ್ತೆ, ಬುಲಿಕ್" ಎಂದಳು.

ಮಗಳಿಗೆ ನಿದ್ದೆ ಬಂತು, ಇವಳದು ಹೋಯಿತು. ಆಮೇಲೆ ನಡೆದದ್ದೆಲ್ಲ ಹುಣ್ಣಿನ ಮೇಲೆ ಬರೆ. ಗುಣವಾದ ಇಸ್ವಾಂತಿ ಫ್ಯಾಕ್ಟರಿ ಬಿಟ್ಟು ತಾಯಿಯ ತೆಂಪೆ ಕೆಲಸಕ್ಕೆ ಕೂತಳು. ಮೊದಲ ಕಟ್ಟು ದಿನಾ ಪೊನಿರಾಳ ಮನೆಗೆ. ನಲವತ್ತನೆಯ ದಿನ, ನೂರನೆಯ ದಿನ, ವರ್ಷದ ದಿನ, ಎರಡನೆಯ ವರ್ಷದ ದಿನ, ಸತ್ತವಳ ಹೆಸರಿನ ಪ್ರತಿ ಊಟದಲ್ಲೂ ಮೊದಲ ತಟ್ಟೆ ಅವಳಿಗೇ. "ನಮ್ಮಮ್ಮನ್ನ ದಾರಿಗೆ ಹತ್ತಿಸಿದ ಕೈ ಇದು" ಎಂದು ಇಸ್ವಾಂತಿ ಎಲ್ಲರೆದುರು ಆ ಕೈ ಹಿಡಿದು ಹಣೆಗೊತ್ತಿಕೊಳ್ಳುತ್ತಿದ್ದಳು. ಪೊನಿರಾಳಿಗೆ ಬಿಸಿತುಪ್ಪ ಬಾಯಿಗೆ ಬಿದ್ದ ಹಾಗೆ. ನುಂಗುವಂತಿಲ್ಲ, ಉಗುಳುವಂತಿಲ್ಲ. ಕೊನೆಗೆ ಅವಳು ಹೆಣ ತೊಳೆಯುವುದನ್ನೇ ಬಿಟ್ಟಳು. ಸೊಂಟ ನೋವು ಎಂದಳು. ಊರು ನಂಬಿತು.

ಸಾವಿರದ ದಿನ ಹತ್ತಿರ ಬಂತು. ಸಾವಿರದ ದಿನವೆಂದರೆ ದೊಡ್ಡ ಊಟ, ಕೊನೆಯ ಊಟ. ಅಲ್ಲಿಯತನಕ ಬರೀ ಮರದ ಗುರುತಿದ್ದ ಗೋರಿಗೆ ಅಂದು ಕಲ್ಲು ಕೂರಿಸಿ ಸಿಮೆಂಟು ಹಾಕುತ್ತಾರೆ. ಉಪವಾಸದ ತಿಂಗಳ ಹಬ್ಬ ಕಳೆದು ಹತ್ತು ದಿನಕ್ಕೆ ಇಸ್ವಾಂತಿ ಫೋನಿನಲ್ಲಿ ಕಲ್ಲಿನ ಚಿತ್ರ ತೋರಿಸಲು ಬಂದಳು. ಕಪ್ಪು ಕಲ್ಲು, ಅದರ ಮೇಲೆ ಬಿಳಿ ಅಕ್ಷರದಲ್ಲಿ ತಾಯಿಯ ಹೆಸರು.

"ತಲೆಕಲ್ಲು ನೀವೇ ಇಡ್ಬೇಕು, ಬುಲಿಕ್. ಮೇಸ್ತ್ರಿಗೆ ಹೇಳಿಬಿಟ್ಟಿದ್ದೀನಿ, ಬುಲಿಕ್ ಕೈ ಮುಟ್ಟದೆ ಸಿಮೆಂಟು ಕಲಸ್ಬೇಡ ಅಂತ."

"ನಾನ್ಯಾಕಮ್ಮ? ನೆಂಟರಿದ್ದಾರೆ, ಹಿರಿಯರಿದ್ದಾರೆ…"

"ನೆಂಟರು ಅವತ್ತು ರಸ್ತೆಯಾಚೆ ನಿಂತು ನೋಡಿದ್ರು. ಒಳಗಡೆ ಇದ್ದಿದ್ದು ನೀವು."

ಅವಳು ಹೋದ ಮೇಲೆ ಪೊನಿರಾ ನೇರವಾಗಿ ಸಂತೆಬೀದಿಗೆ ನಡೆದಳು. ಅಲ್ಲಿ ಗಿಯಾರ್ತೊ ತಳ್ಳುಗಾಡಿಯಲ್ಲಿ ತೋಫು ಕರಿದು ಮಾರುತ್ತಾನೆ. ಆಗ ಹೆಣದ ವ್ಯಾನು ಓಡಿಸುತ್ತಿದ್ದವನು ಅವನೇ. ಈಗ ಬಾಗಿಲು ಮುಚ್ಚಿದ ಯಾವ ಗಾಡಿಯಲ್ಲೂ ಕೂರಲಾರ. ಮಾವನ ಮನೆಗೂ ಇಪ್ಪತ್ತು ಕಿಲೋಮೀಟರು ಸೈಕಲ್ಲಿನಲ್ಲೇ ಹೋಗುತ್ತಾನೆ. ಅದನ್ನೂ ತಮಾಷೆ ಮಾಡಿಯೇ ಹೇಳುತ್ತಾನೆ.

"ಏನಕ್ಕಾ, ತೋಫು ತಿನ್ನೋಕೆ ಬಂದ್ರೋ, ನನ್ನ ಅಳತೆ ತಗೊಳ್ಳೋಕೆ ಬಂದ್ರೋ?"

"ನಿನ್ನ ಹೊಟ್ಟೆಗೆ ಒಂದು ಪೆಟ್ಟಿಗೆ ಸಾಲಲ್ಲ ಕಣೋ, ಎರಡು ಜೋಡಿಸ್ಬೇಕು" ಎಂದಳು. ಆಮೇಲೆ ಅದೇ ಉಸಿರಿನಲ್ಲಿ ಎಲ್ಲವನ್ನೂ ಹೇಳಿದಳು.

ಗಿಯಾರ್ತೊನ ಜಾಲರಿ ಸೌಟು ಎಣ್ಣೆಯಲ್ಲೇ ನಿಂತಿತು. ತೋಫು ಸೀದು ಹೋಯಿತು.

"ಕೆಂಪು ಉತ್ತರಕ್ಕೆ ಅಂತ ಗುಂಡಿ ಪಕ್ಕ ನಿಂತು ಕೂಗಿದವನು ನಾನೇ ಅಕ್ಕ. ನಂಗೂ ಪಾಲು ಕೊಟ್ರಿ ಬಿಡಿ." ಒಲೆ ಸಣ್ಣ ಮಾಡಿ ದನಿ ತಗ್ಗಿಸಿದ. "ಯಾರಿಗೂ ಹೇಳ್ಬೇಡಿ. ನಿಮ್ಮ ಮಾನಕ್ಕೆ ಅಲ್ಲ. ನಾವು ಸಾಗಿಸಿದ್ದು ಒಂದಾ ಎರಡಾ? ಇದು ಹೊರಗೆ ಬಿದ್ರೆ ಅಷ್ಟೂ ಮನೆಯವ್ರು ನಮ್ಮದು ಹೆಂಗೋ ಏನೋ ಅಂತ ನಿದ್ದೆ ಬಿಡ್ತಾರೆ. ಒಬ್ಬಳಿಗೆ ನಿಜ ಹೇಳೋಕೆ ಹೋಗಿ ನೂರು ಮನೆ ಕೆಡಿಸ್ತೀರಾ?"

ಅವನ ಮಾತು ಸುಳ್ಳಲ್ಲ. ಅದೇ ಮಾತನ್ನು ಹೊದ್ದುಕೊಂಡೇ ಪೊನಿರಾ ಸಾವಿರ ದಿನ ಮಲಗಿದ್ದಳು. ಬೇರೆಯವರ ಬಾಯಲ್ಲಿ ಕೇಳಿದಾಗ ಮಾತ್ರ ಅದರಲ್ಲಿ ತೂತು ಕಾಣಿಸಿತು. ತಾನು ಬಾಯಿ ಮುಚ್ಚಿಕೊಂಡಿದ್ದು ಆ ನೂರು ಮನೆಗಳ ಮೇಲಿನ ಮಮತೆಯಿಂದಲ್ಲವಲ್ಲ.

ಅಲ್ಲಿಂದ ಊರಿನ ಮೋದಿನ್ ಆಗಿದ್ದ ಮುಕ್ಸಿನ್ ಮನೆಗೆ ಹೋದಳು. ಊರಿನ ಸಾವು, ಮಣ್ಣು, ಪ್ರಾರ್ಥನೆ ಎಲ್ಲ ನೋಡಿಕೊಳ್ಳುವ ಹಿರಿಯರು ಅವರು, ಊರೆಲ್ಲ ಗೌರವದಿಂದ ಪಾಕ್ ಎನ್ನುತ್ತದೆ. "ಯಾರೋ ಒಬ್ಬರು ಕೇಳ್ತಿದ್ರು" ಎಂದು ಶುರುಮಾಡಿದಳು.

ಮುಕ್ಸಿನ್ ಪಂಜರದ ಹಕ್ಕಿಗೆ ಕಾಳು ಹಾಕುತ್ತಲೇ ಕೇಳಿಸಿಕೊಂಡರು. "ಮೈ ಕೆಡೋದರೊಳಗೆ ಗೊತ್ತಾದ್ರೆ ಬಗೆದು ತಿರುಗಿಸಲೇಬೇಕು. ಎರಡು ದಿನ, ಮೂರು ದಿನ. ಕೆಟ್ಟ ಮೇಲೆ ಮುಟ್ಟೋ ಹಾಗಿಲ್ಲ. ದೇವರು ಕ್ಷಮಿಸೋನು, ಅವನಿಗೆ ಎಲ್ಲ ದಿಕ್ಕೂ ಒಂದೇ."

"ಪೆಟ್ಟಿಗೆ ತೆರೀಬಾರ್ದು ಅಂತ ಸರ್ಕಾರದ ಕಟ್ಟಳೆ ಇತ್ತಲ್ಲ, ಪಾಕ್?"

"ಪೆಟ್ಟಿಗೆ ಯಾಕೆ ತೆರೀಬೇಕು? ಮಣ್ಣು ತೆಗೆದು ಪೆಟ್ಟಿಗೇನೇ ತಿರುಗಿಸಿದ್ರೆ ಆಯ್ತು. ನಾಲ್ಕು ಜನಕ್ಕೆ ಅರ್ಧ ಗಂಟೆ ಕೆಲಸ." ಅವರು ಕಾಳಿನ ಡಬ್ಬಿ ಮುಚ್ಚಿ ಮೊದಲ ಸಲ ಅವಳ ಮುಖ ನೋಡಿದರು. "ಆ ಯಾರೋ ಒಬ್ಬರಿಗೆ ಹೇಳಿ ಪೊನಿರಾ, ದೇವರ ಹತ್ರ ಕೇಳೋ ಕ್ಷಮೆ ಬೇರೆ, ಮನುಷ್ಯರ ಹತ್ರ ಕೇಳೋದು ಬೇರೆ. ಒಂದು ಕೇಳಿದ್ರೆ ಇನ್ನೊಂದು ಮುಟ್ಟಲ್ಲ."

ಅರ್ಧ ಗಂಟೆಯ ಕೆಲಸ. ದಾರಿಯುದ್ದಕ್ಕೂ ಅದೇ ಮಾತು ಅವಳ ಕಾಲಿಗೆ ತೊಡರಿತು.

ಇಸ್ವಾಂತಿ ಹಿತ್ತಲಲ್ಲಿ ಬೆಂದ ಕಾಳು ತಟ್ಟೆಗೆ ಹರಡಿ ಆರಿಸುತ್ತಿದ್ದಳು. ಊಟಕ್ಕೆಂದು ಬಂದ ಅಕ್ಕಿ ಮೂಟೆ ಗೋಡೆಗೊರಗಿತ್ತು. "ಬನ್ನಿ ಬುಲಿಕ್, ಸರಿಯಾದ ಹೊತ್ತಿಗೇ ಬಂದ್ರಿ, ಈ ಎಲೆ ಸ್ವಲ್ಪ ಒರೆಸಿ ಕೊಡಿ" ಎಂದಳು.

ಪೊನಿರಾ ಎಲೆ ಮುಟ್ಟಲಿಲ್ಲ. ನಿಂತೇ ಹೇಳಿದಳು. ಹಿಂಬಾಗಿಲು, ಗೋಡೆ, ಟೇಪು. ಕಿಟಕಿ ತಟ್ಟದೆ ಇದ್ದದ್ದು. ಮಬ್ಬಾದ ಕನ್ನಡಕದ ಮಾತು ಎತ್ತಲಿಲ್ಲ; ಎತ್ತಿದರೆ ಅದು ನೆಪವಾಗುತ್ತಿತ್ತು.

ಇಸ್ವಾಂತಿಗೆ ಮೊದಲು ಅರ್ಥವಾಗಲಿಲ್ಲ. ಗಾಳಿಯಲ್ಲೇ ಕೈಯಿಂದ ಪೆಟ್ಟಿಗೆ ಬರೆದು, ತಲೆ ಇಟ್ಟು, ಮಗ್ಗುಲು ತಿರುಗಿಸಿ ನೋಡಿದಳು. ಕೈ ಮೂಡಣದ ಕಡೆ ತೋರಿಸಿ ನಿಂತಿತು.

"ಈ ಕಡೆಗಾ?"

"ಹೌದು."

"ನಾನು ಫೋನ್ ಮಾಡ್ದಾಗ ನಿಮ್ಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಆಗ ಎಷ್ಟು ದಿನ ಆಗಿತ್ತು?"

"ಒಂದು ರಾತ್ರಿ ಕಳೆದಿತ್ತು ಅಷ್ಟೆ."

"ಆಗ ತಿರುಗಿಸ್ಬಹುದಿತ್ತಾ?"

ಈ ಪ್ರಶ್ನೆ ಬರದಿರಲಿ ಎಂದು ದಾರಿಯಲ್ಲಿ ಬೇಡಿಕೊಂಡಿದ್ದಳು ಪೊನಿರಾ. "ಬಹುದಿತ್ತು" ಎಂದಳು. "ಅರ್ಧ ಗಂಟೆ ಕೆಲಸ."

ಇಸ್ವಾಂತಿ ಕಾಳಿನ ತಟ್ಟೆಯನ್ನು ಎತ್ತಿ ನೆಲಕ್ಕೆ ಅಪ್ಪಳಿಸಿದಳು. ಕಾಳು ಹಿತ್ತಲ ತುಂಬ ಚೆಲ್ಲಿತು, ಕೋಳಿಗಳು ಓಡಿಬಂದವು.

"ಪ್ರತಿ ಊಟಕ್ಕೂ ಬಂದ್ರಿ! ಮೊದಲ ತಟ್ಟೆ ತಿಂದ್ರಿ! ನಾನು ನಿಮ್ಮ ಕೈ ಹಣೆಗೆ ಒತ್ಕೊಂಡೆ, ಸುಮ್ನೆ ಒತ್ತಿಸ್ಕೊಂಡ್ರಿ! ಅಮ್ಮನ್ನ ಕೊಂದಿದ್ದು ನಾನು, ಅದು ನಂಗೆ ಗೊತ್ತು. ಮಲಗಿಸಿದ್ದಾದ್ರೂ ಸರಿಯಾಗಿದೆ ಅಂತ ಅದೊಂದನ್ನ ಹಿಡ್ಕೊಂಡು ಬದುಕಿದ್ದೆ. ಅದನ್ನೂ ಇವತ್ತು ತಗೊಂಡ್ರಲ್ಲ!"

"ನೀನು ಕೊಲ್ಲಲಿಲ್ಲ ಕಣಮ್ಮ…"

"ಅದನ್ನ ನೀವು ಹೇಳ್ಬೇಡಿ. ನೀವು ಹೇಳಿದ್ದು ಇನ್ನು ಏನನ್ನ ನಂಬ್ಲಿ? ಹೋಗಿ."

ಪೊನಿರಾ ಹೊರಟಳು. ಹೇಳಿದರೆ ಎದೆ ಹಗುರಾಗುತ್ತದೆ ಎನ್ನುತ್ತಾರೆ, ಹಾಗೇನೂ ಆಗಲಿಲ್ಲ. ಅವಳ ಭಾರ ಅಷ್ಟೇ ಇತ್ತು, ಅದರ ಜೊತೆಗೆ ಇನ್ನೊಬ್ಬಳ ಮೇಲೂ ಹೇರಿದ್ದಾಯಿತು. ಮರುದಿನ ತೆಂಪೆಯ ಕಟ್ಟು ಬರಲಿಲ್ಲ. ಅದರ ಮರುದಿನವೂ ಇಲ್ಲ.

ಸಾವಿರದ ದಿನ ಬೆಳಿಗ್ಗೆ ಕರೆಯಿಲ್ಲದಿದ್ದರೂ ಪೊನಿರಾ ಸ್ಮಶಾನಕ್ಕೆ ಹೋದಳು. ಬೈದು ಅಟ್ಟಿದರೂ ಸರಿ, ಅಟ್ಟಿಸಿಕೊಳ್ಳುವುದಾದರೂ ತನ್ನ ಕೆಲಸವಲ್ಲವೇ? ಮೂವತ್ತು ಜನ ಸೇರಿದ್ದರು. ಮೇಸ್ತ್ರಿ ಉತ್ತರದ ತುದಿಯಲ್ಲಿ ಕೂತು ಕಲ್ಲಿಗೆ ಜಾಗ ತೋಡುತ್ತಿದ್ದ.

"ಅಲ್ಲಲ್ಲ" ಎಂದಳು ಇಸ್ವಾಂತಿ. "ಹೆಸರಿನ ಕಲ್ಲು ಆ ತುದಿಗೆ. ದಕ್ಷಿಣಕ್ಕೆ."

ಮೇಸ್ತ್ರಿ ನಕ್ಕ. "ರಾತ್ರಿಯೆಲ್ಲ ಅಡುಗೆ ಮಾಡಿ ನಿದ್ದೆಗೆಟ್ರಾ ಹೆಂಗೆ? ಊರಿನ ತಲೆಯೆಲ್ಲ ಈ ಕಡೆಗಿವೆ ನೋಡಿ."

"ನಮ್ಮಮ್ಮನ ತಲೆ ಆ ಕಡೆ ಇದೆ."

ಜನ ಒಬ್ಬರ ಮುಖ ಒಬ್ಬರು ನೋಡಿದರು. ಮುಕ್ಸಿನ್ ಗಂಟಲು ಸರಿಮಾಡಿಕೊಂಡು, "ಏನೋ ಆ ಕಾಲದ ಗಡಿಬಿಡಿ, ಜಾಗದ್ದು ಸ್ವಲ್ಪ ಹೆಚ್ಚುಕಮ್ಮಿ…" ಎಂದು ಮುಚ್ಚಿಹಾಕಲು ನೋಡಿದರು. ಒಳ್ಳೆಯ ಮನುಷ್ಯ. ಆ ಮಾತಿನ ಸೆರಗಿನ ಕೆಳಗೆ ಅಡಗಿಕೊಳ್ಳಲು ಇನ್ನೂ ಜಾಗವಿತ್ತು.

"ಜಾಗದ್ದಲ್ಲ" ಎಂದಳು ಪೊನಿರಾ. "ನಾನು. ಟೇಪು ತಪ್ಪು ತುದಿಗೆ ಹಚ್ಚಿದೋಳು ನಾನು. ಅವತ್ತೇ ಗೊತ್ತಾಗಿತ್ತು, ಹೇಳ್ಲಿಲ್ಲ."

ಹಿಂದಿನಿಂದ ಒಬ್ಬ ಮುದುಕಿ ಮುಂದೆ ಬಂದಳು. ಅವಳ ಸೊಸೆಯೂ ಅದೇ ತಿಂಗಳು ಅದೇ ಕೋಣೆಯಿಂದ ಬಂದಿದ್ದಳು.

"ನನ್ನ ಸೊಸೇದು?"

"ಸರಿಯಾಗಿದೆ ಅಜ್ಜಿ. ದೇವರಾಣೆಗೂ ಸರಿಯಾಗಿದೆ."

ಮುದುಕಿ ಅವಳನ್ನು ನೋಡಿದಳು, ನಾಲ್ಕು ಸಾಲು ಆಚೆಯ ತನ್ನ ಸೊಸೆಯ ಗೋರಿಯನ್ನು ನೋಡಿದಳು, ಮತ್ತೆ ಅವಳನ್ನು ನೋಡಿದಳು. ನಂಬಲಿಲ್ಲ. ಗಿಯಾರ್ತೊ ದೂರದ ಮರದ ಕೆಳಗೆ ತಲೆ ತಗ್ಗಿಸಿ ನಿಂತಿದ್ದ.

ಕಲ್ಲು ದಕ್ಷಿಣದ ತುದಿಗೆ ಕೂತಿತು. ಅದಕ್ಕೆ ಪೊನಿರಾಳ ಕೈ ಸೋಕಲಿಲ್ಲ. ಊರಿನ ಸ್ಮಶಾನದಲ್ಲಿ ಎಲ್ಲ ಹೆಸರುಗಳೂ ಒಂದು ಕಡೆಗಿದ್ದರೆ ಅದೊಂದು ಮಾತ್ರ ಎದುರು ತುದಿಗೆ. ದಾರಿಹೋಕರೂ ನಿಂತು ಯಾಕೆ ಎಂದು ಕೇಳುವಂತಿತ್ತು. ಅದಕ್ಕೆ ಊರು ಯಾವ ಹೆಸರು ಹೇಳುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು.

ಪ್ರಾರ್ಥನೆಗೆ ಎಲ್ಲರೂ ರೂಢಿಯಂತೆ ಗೋರಿಯ ಪಶ್ಚಿಮಕ್ಕೆ ಕೂರಲು ಹೋದರು. ಸತ್ತವರ ಮುಖಕ್ಕೆ ಎದುರಾಗಿ ಕೂರುವುದು ಅಲ್ಲವೇ ಪದ್ಧತಿ? ಇಸ್ವಾಂತಿ ಚಾಪೆ ಎತ್ತಿಕೊಂಡು ಪೂರ್ವಕ್ಕೆ ಬಂದು ಹಾಸಿದಳು. "ಅಮ್ಮ ಈ ಕಡೆ ನೋಡ್ತಿದ್ದಾಳೆ" ಎಂದಳು. ಜನ ಒಬ್ಬೊಬ್ಬರಾಗಿ ಎದ್ದು ಸುತ್ತಿ ಬಂದು ಅವಳ ಹಿಂದೆ ಕೂತರು. ಪೊನಿರಾಳೂ ಕೊನೆಯಲ್ಲಿ ಹೆಜ್ಜೆ ಎತ್ತಿದಳು.

ಇಸ್ವಾಂತಿ ಕೈ ಅಡ್ಡ ಹಿಡಿದಳು.

"ನೀವಲ್ಲ, ಬುಲಿಕ್. ನೀವು ಆ ಕಡೆ ಕೂತ್ಕೊಳ್ಳಿ. ಬೆನ್ನಿನ ಕಡೆ."

ಪೊನಿರಾ ಹಿಂದೆ ಹೋಗಿ ಬರೀ ಮಣ್ಣಿನ ಮೇಲೆ ಕೂತಳು. ಒಂದು ಕಡೆ ಮೂವತ್ತು ಜನ, ಇನ್ನೊಂದು ಕಡೆ ಅವಳೊಬ್ಬಳು, ನಡುವೆ ಕಸಿಯಾತಿ. ಓದು ಶುರುವಾಯಿತು. ಎಲ್ಲರ ಬಾಯಿ ಆಡುತ್ತಿತ್ತು, ಅವಳದು ಆಡಲಿಲ್ಲ. ಅತ್ತಳು. ಈ ಸಲ ಒರೆಸಿಕೊಳ್ಳಲು ಅಡ್ಡಿಯೇನೂ ಇರಲಿಲ್ಲ, ಆದರೂ ಒರೆಸಿಕೊಳ್ಳಲಿಲ್ಲ. ಎದುರಿಗೆ ಇಸ್ವಾಂತಿ ತಾಯಿಯ ಮುಖವಿರುವಲ್ಲಿಗೆ ಬಾಗಿ ಏನೋ ಪಿಸುಗುಡುತ್ತಿದ್ದಳು. ಅವಳ ಮಾತು ಈ ಕಡೆಗೆ ಕೇಳುತ್ತಿರಲಿಲ್ಲ.

ಓದು ಮುಗಿದು ಜನ ಊಟದ ಪೊಟ್ಟಣ ಹಿಡಿದು ಹೊರಟರು. ಇಸ್ವಾಂತಿ ಕಲ್ಲಿನ ಮೇಲೆ ಉಳಿದ ಹೂ ಚೆಲ್ಲಿ, ಚಾಪೆ ಸುತ್ತಿ, ಅತ್ತ ತಿರುಗದೆಯೇ ಹೇಳಿದಳು.

"ಗುರುವಾರ ಸಂಜೆ ನಾನು ಹೂ ತಗೊಂಡು ಬರ್ತೀನಿ. ನೀವೂ ಬನ್ನಿ."

ಎಲ್ಲಿ ಕೂರಲಿ ಎಂದು ಕೇಳಲು ಪೊನಿರಾ ಬಾಯಿ ತೆರೆದಳು.

"ಅಲ್ಲೇ" ಎಂದಳು ಇಸ್ವಾಂತಿ. "ನಾನು ಏಳಿ ಅನ್ನೋವರೆಗೂ ಅಲ್ಲೇ."